ಸವಣೂರು ಸೀಮೆಯ ಕೂರಿಗೆ: ಅದರ ರಚನೆಯೂ ಜೀರ್ಣೋದ್ಧಾರವೂ

ಬೇಸಾಯದ ಉಪಕರಣಗಳಲ್ಲಿ ನೇಗಿಲಿಗೆ ಸಂದಷ್ಟು ಕೀರ್ತಿಯು ಕೂರಿಗೆಗೆ ಸಂದಿಲ್ಲ. ನೇಗಿಲು ಬಲರಾಮನ ಆಯುಧವಾಗಿ ಪುರಾಣಗಳನ್ನು ಹೊಕ್ಕಿತು. ಕೂರಿಗೆಯು ಹೊಲದಲ್ಲಿಯೇ ಉಳಿಯಿತು. ಆದರೆ ನೆಲವನ್ನು ಉಳುವುದು ಬೇಸಾಯದ ಆರಂಭವು ಮಾತ್ರ. ಕಾಳು ಎಷ್ಟು ಆಳದಲ್ಲಿ, ಎಷ್ಟು ಅಂತರದ ಸಾಲಿನಲ್ಲಿ ಬೀಳಬೇಕೆಂಬುದನ್ನು ನಿರ್ಣಯಿಸುವುದು ಕೂರಿಗೆಯೇ. ಕಬ್ಬಿಣದ ಕೂರಿಗೆಗಳೂ ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆಯ ಯಂತ್ರಗಳೂ ಬಂದ ಮೇಲೆ ಮರದ ಹಳೆಯ ಕೂರಿಗೆಗಳು ದನದ ಕೊಟ್ಟಿಗೆಯ ಅಟ್ಟವನ್ನು ಸೇರಿದುವು. ಕೆಲವು ಒಲೆಗೂ ಹೋದುವು. ಉಳಿದವುಗಳನ್ನು ಮತ್ತೆ ಸರಿಪಡಿಸಿ ಇಡಬೇಕೆಂಬ ಆಸೆಯು ಅಲ್ಲಲ್ಲಿ ಕಾಣುತ್ತಿರುವುದರಿಂದ, ಕೂರಿಗೆಯಲ್ಲಿ ಉದ್ಧರಿಸಬೇಕಾದುದು ಯಾವುದೆಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಸೀಮೆ.— ೧೯೪೮ರವರೆಗೆ ನವಾಬರ ಸಂಸ್ಥಾನವಾಗಿದ್ದು ೧೯೯೭ರಿಂದ ಹಾವೇರಿ ಜಿಲ್ಲೆಗೆ ಸೇರಿರುವ ಸವಣೂರು, ಎರಡು ಬಗೆಯ ನೆಲಗಳ ನಡುವೆ ಇದೆ. ಪಶ್ಚಿಮಕ್ಕೆ ಶಿಗ್ಗಾಂವಿ, ಹಾನಗಲ್ಲುಗಳ ಕಡೆಗೆ ಮಳೆ ಹೆಚ್ಚು. ಅಲ್ಲಿ ಭತ್ತವನ್ನು ಸಹ ಸಸಿ ನಡದೆ ಒಣನೆಲದಲ್ಲಿ ಕೂರಿಗೆಯಿಂದ ಬಿತ್ತುವ ಪದ್ಧತಿಯುಂಟು. ಪೂರ್ವಕ್ಕೆ ಎರೆಯ ಭೂಮಿ. ಅಲ್ಲಿ ಜೋಳ, ಹತ್ತಿಗಳ ಬಿತ್ತನೆ. ಹೀಗಿರುವುದರಿಂದ ಈ ಸೀಮೆಯ ಕೂರಿಗೆಗಳು ನೋಟಕ್ಕೆ ಒಂದೇ ಆಗಿ ಕಂಡರೂ ಅಳತೆಯಲ್ಲಿ ಒಂದಲ್ಲ.

ರಚನೆ.— ಕೂರಿಗೆಗೆ ಆಧಾರವಾದುದು ದಿಂಡು. ಅಡ್ಡಲಾಗಿ ಇರುವ ಗಟ್ಟಿಯಾದ ಮರದ ತುಂಡು, ಹೆಚ್ಚಾಗಿ ಜಾಲಿಯದು. ಇದರಲ್ಲಿ ಸಮಾನಾಂತರವಾಗಿ ಕೊರೆದ ತೂತುಗಳಿಗೆ ತಾಳುಗಳನ್ನು ಬಡಿದಿರುತ್ತಾರೆ. ತಾಳಿನ ತುದಿಗೆ ಕಬ್ಬಿಣದ ಕುಡ. ಇದು ನೆಲವನ್ನು ಸೀಳುತ್ತದೆ. ಪ್ರತಿಯೊಂದು ತಾಳಿನಲ್ಲಿಯೂ ಓರೆಯಾದ ರಂಧ್ರವಿದ್ದು, ಅದಕ್ಕೆ ಬಿದಿರಿನ ಕೊಳವೆಯ ಕೆಳತುದಿಯನ್ನು ಕೂಡಿಸಿರುತ್ತಾರೆ. ಕೊಳವೆಗಳೆಲ್ಲ ಮೇಲೆ ಒಂದುಗೂಡಿ ಮರದ ಬಟ್ಟಲನ್ನು ಸೇರುತ್ತವೆ. ಎತ್ತಿನ ನೊಗಕ್ಕೆ ಹೋಗುವ ಮರವು ಈಸು. ಹಿಂದೆ ನಡೆಯುವವನು ಹಿಡಿಯುವುದು ಮೇಳಿ. ಬಟ್ಟಲಿಗೆ ಕಾಳು ಬಿಡುವವರು, ಹಲವೆಡೆ ಹೆಂಗಸರು, ಮುಷ್ಟಿಯಿಂದ ಒಂದೇ ಸಮನಾಗಿ ಕಾಳನ್ನು ಜಾರಿಸುತ್ತ ನಡೆಯುತ್ತಾರೆ. ಯಂತ್ರದಲ್ಲಿ ಚಕ್ರವು ಮಾಡುವ ಕೆಲಸವನ್ನು ಇಲ್ಲಿ ಕೈಯೇ ಮಾಡುತ್ತದೆ. ಮುಖ್ಯ ಬೆಳೆಯ ನಡುವೆ ಅಕ್ಕಡಿಯ ಸಾಲನ್ನು ಬಿತ್ತಬೇಕಾದಾಗ ಬೇರೊಂದು ಕೊಳವೆಯನ್ನು ಹಗ್ಗದಿಂದ ಕೂರಿಗೆಗೆ ಕಟ್ಟಿ ಎಳೆಯುವುದುಂಟು.

ಪ್ರಾಚೀನತೆ.— ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ ಎಂಬವನು ಬಿತ್ತುವ ಯಂತ್ರವನ್ನು ರಚಿಸಿದುದು ೧೭೦೧ರ ಸುಮಾರಿಗೆ. ಅದೇ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಟ್ ಎಂಬ ಸೈನ್ಯಾಧಿಕಾರಿಯು ಇಂಥ ಉಪಕರಣವು ಯೂರೋಪಿನ ಹೊಸ ಕಲ್ಪನೆಯೆಂದೇ ತಿಳಿದಿದ್ದನು. ಇಲ್ಲಿಯ ಹೊಲವೊಂದರಲ್ಲಿ ರೈತನು ಅದನ್ನು ಹೂಡಿ ಬಿತ್ತುತ್ತಿದ್ದುದನ್ನು ಕಂಡು ಬೆರಗಾಗಿ ಬರೆದನು. ಆ ಬರಹವು ೧೭೯೭ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸಹ ರಾಗಿಯ ಕೂರಿಗೆಯನ್ನು ಅದರ ಕನ್ನಡ ಹೆಸರಿನಿಂದಲೇ ವರ್ಣಿಸಿದ್ದಾನೆ. ಮೈಸೂರು ಕಡೆಯ ರಾಗಿಯ ಕೂರಿಗೆಗೆ ೧೨ ತಾಳುಗಳವರೆಗೂ ಇರುವುದುಂಟು. ಧಾರವಾಡ, ಹಾವೇರಿಗಳ ಕಡೆ ಜೋಳ, ಹತ್ತಿಗಳಿಗೆ ಎರಡು, ಮೂರು ಅಥವಾ ನಾಲ್ಕು ತಾಳುಗಳೇ ಸಾಮಾನ್ಯ. ತೆಲುಗಿನಲ್ಲಿ ಗೊರ್ರು ಎಂದೂ ಮರಾಠಿಯಲ್ಲಿ ಪಾಭರ, ತಿಫಣ ಎಂದೂ ಇದೇ ಉಪಕರಣಕ್ಕೆ ಹೆಸರು.

ದುರಸ್ತಿಯ ಪೂರ್ವಪದ್ಧತಿ.— ಹಿಂದೆ ಕೂರಿಗೆಯ ದುರಸ್ತಿಯು ವಿಶೇಷ ಸಂಗತಿಯಾಗಿರಲಿಲ್ಲ; ವರ್ಷವರ್ಷದ ಕಟ್ಟಳೆಯಾಗಿತ್ತು. ಬಡಿಗನೂ ಕಂಬಾರನೂ ಊರಿನ ಆಯಗಾರರು. ಮುಂಗಾರಿಗೆ ಮೊದಲು ರೈತನ ಉಪಕರಣಗಳನ್ನು ಸರಿಪಡಿಸಿಕೊಟ್ಟು, ಸುಗ್ಗಿಯಲ್ಲಿ ಕಣದಿಂದ ಆಯದ ಕಾಳನ್ನು ಒಯ್ಯುತ್ತಿದ್ದರು. ಒಂದು ವರ್ಷ ತಾಳು ಹೊಸದಾದರೆ ಮತ್ತೊಂದು ವರ್ಷ ಕೊಳವೆ, ಇನ್ನೊಂದು ವರ್ಷ ದಿಂಡು. ಆದುದರಿಂದ ಅಜ್ಜನ ಕೂರಿಗೆಯೆಂದು ಮನೆಯವರು ಹೇಳುವ ಕೂರಿಗೆಯಲ್ಲಿ ಅಜ್ಜನ ಕಾಲದ ಮರವು ಒಂದು ತುಂಡೂ ಇಲ್ಲದಿರಬಹುದು. ಆದರೂ ಆ ಮಾತು ಸುಳ್ಳಲ್ಲ. ಏಕೆಂದರೆ ಹೊಸ ದಿಂಡನ್ನು ಹಳೆಯ ದಿಂಡಿನ ಪಕ್ಕದಲ್ಲಿಟ್ಟು ಅದೇ ಅಳತೆಗೆ ಕೊರೆಯುತ್ತಿದ್ದರು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ೧೯೦೩ರಲ್ಲಿ ತಯಾರಿಸಿದ ಕಬ್ಬಿಣದ ನೇಗಿಲಿನಂಥ ವಸ್ತುವಿಗೆ ತಯಾರಕನ ಹೆಸರೂ ಕಾಲವೂ ಉಂಟು. ಮರದ ಕೂರಿಗೆಗೆ ಅವೊಂದೂ ಇಲ್ಲ. ಅದರ ಪರಂಪರೆಯು ಅಳತೆಯಲ್ಲಿದೆಯೇ ಹೊರತು ಮರದಲ್ಲಿಲ್ಲ.

ಜೀರ್ಣೋದ್ಧಾರದ ಕ್ರಮ.— ಮೇಲಿನ ಸಂಗತಿಯಿಂದ ಕೆಲಸದ ಕ್ರಮವು ತಾನಾಗಿ ಸಿದ್ಧವಾಗುತ್ತದೆ. ಮೊದಲನೆಯದಾಗಿ, ಯಾವ ಭಾಗವನ್ನೂ ಕಳಚುವುದಕ್ಕೆ ಮೊದಲು ತಾಳಿನಿಂದ ತಾಳಿಗಿರುವ ಅಂತರ, ತಾಳಿನ ಓರೆ, ಕೊಳವೆಯ ಉದ್ದ, ಈಸಿನ ಏರು ಇವುಗಳನ್ನು ಅಳೆದು ಬರೆದುಕೊಳ್ಳಬೇಕು. ದಿಂಡು ಹುಳು ತಿಂದು ಟೊಳ್ಳಾಗಿದ್ದರೆ ಅದನ್ನು ಬದಲಿಸುವುದರಲ್ಲಿ ದೋಷವಿಲ್ಲ; ಅಂತರವನ್ನು ಬದಲಿಸಿದರೆ ಮಾತ್ರ ಕೂರಿಗೆಯೇ ಬೇರೆಯಾಗುತ್ತದೆ. ಎರಡನೆಯದಾಗಿ, ಸಡಿಲವಾದ ತಾಳನ್ನು ಮರದ ಬೆಣೆಯಿಂದ ಬಿಗಿಯಬೇಕು. ಮೊಳೆ ಹೊಡೆದರೆ ಮುಂದೆ ತಾಳನ್ನು ಬದಲಿಸುವಾಗ ದಿಂಡು ಸೀಳುತ್ತದೆ.

ಮೂರನೆಯದು ಕೊಳವೆಯ ಕೆಲಸ, ಎಲ್ಲಕ್ಕಿಂತ ಸೂಕ್ಷ್ಮವಾದುದು. ಬಿದಿರಿನ ಒಳಗಿನ ಗೆಣ್ಣನ್ನು ಪೂರ್ತಿಯಾಗಿ ತೆಗೆದು ನುಣುಪು ಮಾಡದಿದ್ದರೆ ಕಾಳು ನಡುವೆ ಸಿಕ್ಕಿ ಸಾಲು ಬರಿದಾಗುತ್ತದೆ. ಇದನ್ನು ಪರೀಕ್ಷಿಸಲು ಆಯಾ ಬೆಳೆಯ ಹಳೆಯ ಬೀಜವೇ ಬೇಕು. ಹತ್ತಿಯ ಬೀಜಕ್ಕೆ ನವಿರು ಅಂಟಿರುವುದರಿಂದ ಅದನ್ನು ಸೆಗಣಿ, ಮಣ್ಣುಗಳಲ್ಲಿ ಉಜ್ಜಿ ಒಣಗಿಸಿ ಬಟ್ಟಲಿಗೆ ಬಿಡುತ್ತಿದ್ದರು. ನವಿರು ತೆಗೆದು ಮಾರುವ ಈಗಿನ ಬೀಜವು ಎಂಥ ಕೊಳವೆಯಲ್ಲಿಯೂ ಜಾರುವುದು; ಅದರಿಂದ ಕೊಳವೆಯ ಗುಣವು ತಿಳಿಯದು.

ನಾಲ್ಕನೆಯದಾಗಿ, ಕೂರಿಗೆಯನ್ನು ಒಂಟಿಯಾಗಿ ಉದ್ಧರಿಸಲಾಗದು. ಬಿತ್ತಿದ ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆಯ ಅಲಗು ತಾಳುಗಳ ಅಂತರಕ್ಕಿಂತ ಸ್ವಲ್ಪ ಕಿರಿದಾಗಿರಬೇಕು. ಹೆಚ್ಚಾದರೆ ಪೈರು ಕೀಳುತ್ತದೆ, ತೀರ ಕಡಿಮೆಯಾದರೆ ಕಳೆ ಉಳಿಯುತ್ತದೆ. ಒಂದೇ ಮನೆಯ ಕೂರಿಗೆಯನ್ನೂ ಎಡೆಕುಂಟೆಯನ್ನೂ ಅಗಲಿಸಿ ಬೇರೆ ಬೇರೆ ಕಡೆ ಇಟ್ಟರೆ ಎರಡೂ ಅರ್ಥವನ್ನು ಕಳೆದುಕೊಳ್ಳುತ್ತವೆ. ಕಡೆಗೆ, ಎತ್ತು ಹೂಡಿ ನಡೆಯಿಸಿ ನೋಡಬೇಕು. ಈಸನ್ನು ನೊಗಕ್ಕೆ ಕಟ್ಟುವ ಸ್ಥಾನವನ್ನು ಹಿಂದುಮುಂದು ಮಾಡಿದರೆ ಬಿತ್ತನೆಯ ಆಳವು ಬದಲಾಗುತ್ತದೆ. ಇದು ಹೊಲದಲ್ಲಲ್ಲದೆ ಬೇರೆಲ್ಲಿಯೂ ಗೊತ್ತಾಗದು.

ಪದಗಳ ವಿಚಾರ.— ಸಾಹಿತ್ಯವನ್ನು ಬೋಧಿಸುವವರಿಗೆ ಇದರಲ್ಲಿ ಸಂಬಂಧವೇನೆಂದು ಕೇಳಬಹುದು. ‘ತಾಳು’ ಎಂದರೆ ಸಹಿಸು, ‘ಈಸು’ ಎಂದರೆ ಈಜು, ‘ಎಡೆ’ ಎಂದರೆ ನೈವೇದ್ಯ ಎಂದಷ್ಟೇ ಬಲ್ಲ ವಿದ್ಯಾರ್ಥಿಗೆ ಕೂರಿಗೆಯ ಒಂದು ವಾಕ್ಯವೂ ತಿಳಿಯದು. ‘ಒಂದು ಕೂರಿಗೆ ಹೊಲ’ ಎಂದರೆ ಸುಮಾರು ೪ ಎಕರೆಯೆಂಬುದು ಈ ಸೀಮೆಯ ವಾಡಿಕೆ; ಉಪಕರಣವು ಮರೆಯಾದರೆ ಭೂಮಿಯ ಅಳತೆಯ ಈ ಮಾತೂ ಒಗಟಾಗುವುದು. ಬೇಸಾಯದ ಮಾತುಗಳಲ್ಲಿಯೇ ಅನುಭಾವವನ್ನು ಹೇಳಿದ ಒಕ್ಕಲಿಗ ಮುದ್ದಣ್ಣನಂಥ ಶರಣನ ವಚನಗಳನ್ನು ಓದುವವರು ಹೊಲವನ್ನು ಬಲ್ಲವರಾಗಿರಬೇಕು. ಹಿರೇಕೆರೂರು ತಾಲ್ಲೂಕಿನವನೆಂದು ಪ್ರತೀತಿಯಿರುವ ಸರ್ವಜ್ಞನು ಬೇಸಾಯವನ್ನು ಮೇಟಿಯಿಂದ ಗುರುತಿಸಿದನು. ಮೇಟಿಯೆಂಬುದು ಕಣದ ನಡುವೆ ನೆಟ್ಟ ಕಂಬ. ಕಣವೇ ಇಲ್ಲವಾದಲ್ಲಿ ಆ ಪದವು ಟೀಕೆಯಲ್ಲಿ ಮಾತ್ರ ಬದುಕಬೇಕಾಗುತ್ತದೆ. ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟು ಮುಂತಾದವು ಪದವನ್ನು ಕಾಪಾಡಿವೆ. ಆದರೆ ತಾಳಿನ ಓರೆಯನ್ನು ನಿಘಂಟು ತೋರಿಸಲಾರದು.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ೨೦೧೧ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಈ ಸೀಮೆಯಲ್ಲಿಯೇ ಇರುವುದರಿಂದ ಇಂಥ ಕೆಲಸಕ್ಕೆ ಸ್ಥಳವು ಅನುಕೂಲವಾಗಿದೆ. ಎಣ್ಣೆ ಸವರಿ ಗೋಡೆಗೆ ಒರಗಿಸಿದ ಕೂರಿಗೆಯು ಆಕಾರವನ್ನು ಉಳಿಸುತ್ತದೆ. ಬಿತ್ತಬಲ್ಲ ಕೂರಿಗೆಯು ವಿದ್ಯೆಯನ್ನು ಉಳಿಸುತ್ತದೆ. ಆದುದರಿಂದ ಉದ್ಧರಿಸಿದ ಪ್ರತಿಯೊಂದು ಕೂರಿಗೆಯೊಡನೆ ಅದರ ಊರು, ಬೆಳೆ, ತಾಳುಗಳ ಅಂತರ, ಜೊತೆಯ ಎಡೆಕುಂಟೆ, ಪ್ರತಿಯೊಂದು ಅಂಗಕ್ಕೂ ಆ ಊರಿನ ಬಡಿಗನು ಹೇಳುವ ಹೆಸರು ಇವುಗಳನ್ನು ಬರೆದಿಡತಕ್ಕದ್ದು. ಮರವನ್ನು ಮತ್ತೆ ಕಡಿದು ತರಬಹುದು. ಅಳತೆಯನ್ನೂ ಹೆಸರನ್ನೂ ಹೇಳಬಲ್ಲ ಹಿರಿಯ ಬಡಿಗರು ಇರುವಾಗಲೇ ಅವನ್ನು ಕೇಳಿ ಬರೆದುಕೊಳ್ಳಬೇಕು.