ಹಿಡ್ಲುಮನೆಯ ಕಾಡುದಾರಿ

ಕೊಡಚಾದ್ರಿಗೆ ಹೋಗಿಬಂದೆವೆಂದರೆ ಕೇಳುವವರೆಲ್ಲರೂ ಶಿಖರದ ಸರ್ವಜ್ಞಪೀಠದ ಮಾತನ್ನೆತ್ತುವರು. ದಾರಿಯನ್ನು ಕುರಿತು ವಿಚಾರಿಸುವವರು ವಿರಳ. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಶಿವಮೊಗ್ಗ ಜಿಲ್ಲೆಯ ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ಮಗ್ಗುಲಲ್ಲಿ ಏರುವ ಕಾಲುದಾರಿಯೊಂದುಂಟು. ಮಳೆ ಹಿಂದೆಗೆದ ಆಶ್ವಯುಜದಲ್ಲಿ ನಾವು ಮನೆಮಂದಿಯೊಡನೆ ಆ ದಾರಿಯನ್ನೇ ಹಿಡಿದೆವು.

ಕಾಡು ಹೊಕ್ಕೊಡನೆ ಬಿಸಿಲು ಹಿಂದುಳಿಯಿತು. ಮೀನಿನ ಬಾಲದಂತಹ ಎಲೆಯ ಬೈನೆ, ಮುರುಗಲು, ಉಪ್ಪಾಗೆ, ಇವು ಮಲೆನಾಡಿನ ಗೃಹಿಣಿಯರಿಗೆ ಹೊಸಬರಲ್ಲ. ಮುರುಗಲಿನ ಸಿಪ್ಪೆ ಪಾನಕಕ್ಕಾದರೆ, ಉಪ್ಪಾಗೆಯ ಸಿಪ್ಪೆ ಅಡುಗೆಯ ಹುಳಿಗೆ. ಎರಡರ ಬೀಜದಿಂದಲೂ ತುಪ್ಪ ತೆಗೆಯುವರು. ನೆಲದ ತೇವದಲ್ಲಿ ಇಂಬಳಗಳು ಕಾಲಿಗೇರಿದುವು. ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಪುಡಿ ನಮ್ಮನ್ನು ಕಾಪಾಡಿತು.

ಜಲಪಾತವು ಬಂಡೆಯಿಂದ ಬಂಡೆಗೆ ಮೆಟ್ಟಿಲಿಳಿದಂತೆ ಧುಮುಕುತ್ತದೆ. ತುಂತುರು ತಾಗುವ ಕಲ್ಲಿನ ಮೇಲೆಲ್ಲ ಪಾಚಿ, ಜರಿಗಿಡ, ಕರ್ಣಕುಂಡಲದ ಜಾತಿಯ ನಸುಗೆಂಪು ಹೂಗಳು. ಅಲ್ಲಿಯೇ ಒಂದು ಮರದ ತೊಗಟೆಗೆ ಸೀತಾಳೆ ದಂಡೆ ಅಂಟಿಕೊಂಡಿತ್ತು. ನಮ್ಮ ಕಿರಿಯ ಮಗಳು ಅದನ್ನು ಕೀಳಲು ಕೈಚಾಚಿದಳು. ಆಗ ನಮ್ಮ ಹಳೆಯ ತಪ್ಪೊಂದನ್ನು ಹೇಳಲೇಬೇಕಾಯಿತು.

ಹಿಂದೊಮ್ಮೆ ಜ್ಯೇಷ್ಠದಲ್ಲಿ, ಬೇರೊಂದು ಬೆಟ್ಟದಿಂದ, ಜಡೆಯಂತೆ ಇಳಿಬಿದ್ದ ಹೂಗೊಂಚಲಿಗೆ ಮರುಳಾಗಿ ಆ ಗಿಡವನ್ನು ಕಿತ್ತು ತಂದೆವು. ಕುಂಡದಲ್ಲಿ ಮಣ್ಣು ತುಂಬಿ ನೆಟ್ಟು, ದಿನವೂ ನೀರೆರೆದೆವು. ಎರಡು ತಿಂಗಳಲ್ಲಿ ಬೇರು ಕೊಳೆತು ಗಿಡ ಸತ್ತಿತು. ಗಾಳಿಯ ತೇವವನ್ನು ಹೀರಿ ಬದುಕುವ ಬೇರಿಗೆ ಮಣ್ಣೇ ಉಸಿರುಕಟ್ಟಿಸಿತು. ಇದರ ಬೀಜವೋ ಧೂಳಿಗೆ ಸಮಾನ. ತಕ್ಕ ಶಿಲೀಂಧ್ರದ ನೆರವಿಲ್ಲದೆ ಕಾಡಿನಲ್ಲಿ ಮೊಳೆಯಲಾರದು. ಒಂದು ಗಿಡ ಹೋದರೆ ಅದರ ಜಾಗಕ್ಕೆ ಇನ್ನೊಂದು ಬರುವುದು ಸುಲಭವಲ್ಲ. ನಾವು ಅದನ್ನು ಅಕ್ಕರೆಯಿಂದಲೇ ಕೊಂದಿದ್ದೆವು.

ಮಗಳು ಮಾತಾಡದೆ ಕೈ ಹಿಂದೆಗೆದಳು.

ಮೇಲೇರಿದಾಗ ಕಾಡು ಮುಗಿದು ಹುಲ್ಲುಗಾವಲು ತೆರೆಯಿತು. ಕಣಿವೆಯ ಮಡಿಲುಗಳಲ್ಲಿ ಮಾತ್ರ ಶೋಲೆಯ ದಟ್ಟ ಹಸುರು. ಬರಿಯ ಬಯಲೆಂದು ತೋರುವ ಈ ಹುಲ್ಲೂ ಆ ಶೋಲೆಯೂ ಕೂಡಿ ಮಳೆನೀರನ್ನು ನೆಲಕ್ಕಿಳಿಸಿ, ಮೆಲ್ಲಮೆಲ್ಲನೆ ಹಳ್ಳಕ್ಕೆ ಬಿಡುತ್ತವೆ. ಮಳೆ ನಿಂತ ಮೇಲೂ ಕೆಳಗೆ ನೀರು ಧುಮುಕುವುದು ಈ ಕೂಡಿಟ್ಟ ಧನದಿಂದಲೇ.

ವಾಚಕರೇ, ಅರಣ್ಯ ಇಲಾಖೆಯ ಅಪ್ಪಣೆ ಪಡೆದು ನೀವೂ ಮಕ್ಕಳೊಡನೆ ಹೋಗಿಬನ್ನಿರಿ. ಬುತ್ತಿ ತುಂಬಿಕೊಂಡು ಹೋಗಿರಿ. ಬರುವಾಗ ಬುಟ್ಟಿ ಬರಿದಾಗಿಯೇ ಇರಲಿ.