ಕೈಹೆಣಿಗೆ ಉಡುಪುಗಳ ವಿನ್ಯಾಸ ಮತ್ತು ಛಾಯಾಚಿತ್ರ: ಅಂತರಜಾಲದಲ್ಲಿ ದೊರೆಯುವ ನೆರವು

ಅಂಗಡಿಗೆ ಬಂದ ಗ್ರಾಹಕನು ಉಣ್ಣೆಯ ಸ್ವೆಟರನ್ನು ಕೈಯಲ್ಲಿ ಹಿಡಿದು, ಎಳೆದು, ಮೈಗೆ ಒಡ್ಡಿ ನೋಡಿದ ನಂತರವೇ ಹಣ ಕೊಡುತ್ತಾನೆ. ಅಂತರಜಾಲದ ಮೂಲಕ ಕೊಳ್ಳುವವನಿಗೆ ಈ ಅವಕಾಶವಿಲ್ಲ. ಅವನ ಮುಂದಿರುವುದು ಎರಡೇ: ಅಳತೆಯ ಪಟ್ಟಿ ಮತ್ತು ಛಾಯಾಚಿತ್ರ. ಅಳತೆ ತಪ್ಪಿದರೂ ಬಣ್ಣ ಬೇರೆಯಾಗಿ ಕಂಡರೂ ಸರಕು ಹಿಂದಿರುಗುತ್ತದೆ. ಸಾಗಣೆಯ ವೆಚ್ಚ ತಯಾರಕನ ತಲೆಗೆ ಬರುತ್ತದೆ. ವಾರಗಟ್ಟಲೆ ಕೈಕೆಲಸ ಬೇಡುವ ಹೆಣಿಗೆಯಲ್ಲಿ ಈ ನಷ್ಟ ಸಣ್ಣದಲ್ಲ. ಇದನ್ನು ತಪ್ಪಿಸಲು ನೆರವಾಗುವ ಸಾಧನಗಳು ಅಂತರಜಾಲದಲ್ಲಿ ಹೇರಳವಾಗಿದ್ದು, ಅವುಗಳಲ್ಲಿ ಹಲವು ಉಚಿತವಾಗಿವೆ.

ಮೊದಲನೆಯದಾಗಿ ನೂಲಿನ ದಪ್ಪದ ವಿಷಯ. ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ಸಂಸ್ಥೆಯು ನೂಲನ್ನು 0 ಯಿಂದ 7 ರವರೆಗೆ ಎಂಟು ವರ್ಗಗಳಾಗಿ ವಿಂಗಡಿಸಿದೆ. ಉದಾಹರಣೆಗೆ, 4ನೇ ವರ್ಗದ ಮಧ್ಯಮ ನೂಲಿನಲ್ಲಿ ನಾಲ್ಕು ಅಂಗುಲಕ್ಕೆ 16 ರಿಂದ 20 ಕುಣಿಕೆಗಳು ಬರುತ್ತವೆ; 1ನೇ ವರ್ಗದ ಸಣ್ಣ ನೂಲಿನಲ್ಲಿ 27 ರಿಂದ 32. ಮಕ್ಕಳಿಂದ ಹಿರಿಯರವರೆಗಿನ ಮೈಯಳತೆಯ ಕೋಷ್ಟಕಗಳೂ ಇದೇ ಸಂಸ್ಥೆಯ ತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಅಮೆರಿಕದ ಗ್ರಾಹಕರಿಗೆ ಮಾರುವವರು ಈ ಸಂಖ್ಯೆಗಳನ್ನು ಬಳಸುವುದು ಲೇಸು. ‘ನಾಲ್ಕೆಳೆಯ ನೂಲು’ ಎಂಬಂಥ ಮಾತಿಗೆ ಊರಿಗೊಂದು ಅರ್ಥವಿದೆ.

ಲೆಕ್ಕವೇ ವಿನ್ಯಾಸದ ಅಡಿಪಾಯ

ಹತ್ತು ಸೆಂಟಿಮೀಟರಿಗೆ 20 ಕುಣಿಕೆಗಳೆಂದು ಲೆಕ್ಕ ಹಾಕಿ, 100 ಸೆಂ.ಮೀ. ಎದೆಸುತ್ತಳತೆಯ ಸ್ವೆಟರಿಗೆ 200 ಕುಣಿಕೆಗಳನ್ನು ಹಾಕಿದರೆಂದು ಭಾವಿಸೋಣ. ಹೆಣೆಯುವವರ ಕೈ ಸ್ವಲ್ಪ ಬಿಗಿಯಾಗಿ, ಹತ್ತು ಸೆಂಟಿಮೀಟರಿಗೆ 22 ಕುಣಿಕೆಗಳು ಬಂದರೆ ಉಡುಪಿನ ಸುತ್ತಳತೆ ಸುಮಾರು 91 ಸೆಂ.ಮೀ.ಗೆ ಇಳಿಯುತ್ತದೆ. ಎರಡೇ ಕುಣಿಕೆಗಳ ವ್ಯತ್ಯಾಸದಿಂದ ಉಡುಪು ಒಂದು ಸೈಜು ಚಿಕ್ಕದಾಯಿತು. ಒಂದೇ ವಿನ್ಯಾಸವನ್ನು ಹತ್ತು ಮಂದಿ ಮಹಿಳೆಯರಿಗೆ ಹಂಚಿ ಹೆಣಿಸುವ ಘಟಕಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಪ್ರತಿಯೊಬ್ಬರಿಂದಲೂ ಕನಿಷ್ಠ 15 ಸೆಂ.ಮೀ. ಚೌಕದ ಮಾದರಿ ತುಂಡನ್ನು ಹೆಣಿಸಿ, ಒಗೆದು, ಒಣಗಿಸಿ, ನಂತರ ಅದರ ನಡುವಿನ 10 ಸೆಂ.ಮೀ. ಭಾಗವನ್ನು ಅಳೆಯಬೇಕು. ಒಗೆಯದ ತುಂಡಿನ ಅಳತೆಯನ್ನು ನಂಬುವಂತಿಲ್ಲ. ಆನ್‌ಲೈನ್ ಲೆಕ್ಕಯಂತ್ರಗಳು ಈ ಸಂಖ್ಯೆಯನ್ನು ಪಡೆದು ಬೇಕಾದ ಕುಣಿಕೆಗಳನ್ನೂ ಹೆಚ್ಚಿಸುವ, ಇಳಿಸುವ ಸ್ಥಾನಗಳನ್ನೂ ತಿಳಿಸುತ್ತವೆ. ತಪ್ಪು ಅಳತೆ ಕೊಟ್ಟರೆ ಅವು ತಪ್ಪು ಉತ್ತರವನ್ನೇ ಕೊಡುತ್ತವೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಬಣ್ಣದ ಚಿತ್ರಗಳುಳ್ಳ ಹೆಣಿಗೆಗೆ ಚೌಕುಳಿ ನಕ್ಷೆ ಅಗತ್ಯ. ಇಲ್ಲಿ ಹೊಸಬರು ಎಡವುವುದು ಸಾಮಾನ್ಯ ಗಣಿತದ ಚೌಕುಳಿ ಕಾಗದವನ್ನು ಬಳಸಿ. ಹೆಣಿಗೆಯ ಕುಣಿಕೆ ಚೌಕವಲ್ಲ. ಅದರ ಅಗಲ ಎತ್ತರಕ್ಕಿಂತ ಹೆಚ್ಚು. ಹತ್ತು ಸೆಂಟಿಮೀಟರಿಗೆ 20 ಕುಣಿಕೆ, 28 ಸಾಲು ಬರುವ ಹೆಣಿಗೆಯಲ್ಲಿ 40 ಕುಣಿಕೆ, 40 ಸಾಲುಗಳ ಆನೆಯ ಚಿತ್ರವು 20 ಸೆಂ.ಮೀ. ಅಗಲವಾಗಿ, ಎತ್ತರ ಮಾತ್ರ 14 ಸೆಂ.ಮೀ.ಯಷ್ಟಾಗಿ ಮೂಡುತ್ತದೆ. ಆನೆ ಕುಳ್ಳಾಗುತ್ತದೆ. ಸ್ಟಿಚ್ ಫಿಡ್ಲ್, ಚಾರ್ಟ್ ಮೈಂಡರ್ ಎಂಬ ತಾಣಗಳಲ್ಲಿ ಇಂತಹ ನಕ್ಷೆಗಳನ್ನು ಗಣಕಯಂತ್ರದ ಮೇಲೆಯೇ ಬರೆಯಬಹುದು. ಸ್ವಂತ ಹೆಣಿಗೆಯ ಕುಣಿಕೆ ಹಾಗೂ ಸಾಲುಗಳ ಪ್ರಮಾಣಕ್ಕೆ ಹೊಂದುವ ಮನೆಗಳುಳ್ಳ ಕಾಗದವನ್ನು ಮುದ್ರಿಸಿಕೊಡುವ ತಾಣಗಳೂ ಇವೆ.

ಮಾರುಕಟ್ಟೆಯ ಒಲವನ್ನು ಅರಿಯಲು 2007ರಲ್ಲಿ ಅಮೆರಿಕದಲ್ಲಿ ಆರಂಭವಾದ ರಾವೆಲ್ರಿ ತಾಣವು ದೊಡ್ಡ ಭಂಡಾರವೇ ಸರಿ. ಒಂದು ವಿನ್ಯಾಸವನ್ನು ಯಾರು ಯಾವ ನೂಲಿನಲ್ಲಿ ಹೆಣೆದರು, ಎಷ್ಟು ನೂಲು ಹಿಡಿಯಿತು, ಎಲ್ಲಿ ತೊಡಕಾಯಿತು ಎಂಬುದನ್ನು ಸದಸ್ಯರು ಚಿತ್ರಸಹಿತ ದಾಖಲಿಸುತ್ತಾರೆ. ವಿನ್ಯಾಸಕಾರರು ಹೆಣಿಗೆಯ ಸೂಚನಾಪತ್ರಗಳನ್ನು ಇಲ್ಲಿಯೇ ಮಾರುತ್ತಾರೆ. ಸದಸ್ಯತ್ವ ಉಚಿತ. 2002ರಿಂದ ಪ್ರಕಟವಾಗುತ್ತಿರುವ ನಿಟ್ಟಿ ಎಂಬ ಅಂತರಜಾಲ ಪತ್ರಿಕೆಯ ವಿನ್ಯಾಸಗಳನ್ನೂ ಉಚಿತವಾಗಿ ನೋಡಬಹುದು.

ಛಾಯಾಚಿತ್ರ

ದುಬಾರಿ ಕ್ಯಾಮೆರಾ ಅನಿವಾರ್ಯವಲ್ಲ. ಮೊಬೈಲ್ ಫೋನ್, ಒಂದು ಸ್ಟ್ಯಾಂಡ್, ನೇರ ಬಿಸಿಲು ಬೀಳದ ಕಿಟಕಿ ಮತ್ತು ಒಂದು ಬಿಳಿ ಥರ್ಮೋಕೋಲ್ ಹಲಗೆ ಸಾಕು. ಬೆಳಕು ಪಕ್ಕದಿಂದ ಬಿದ್ದರೆ ಹೆಣಿಗೆಯ ಉಬ್ಬುತಗ್ಗುಗಳಲ್ಲಿ ನೆರಳು ಮೂಡಿ ಜಡೆಯಾಕಾರದ ವಿನ್ಯಾಸ ಎದ್ದು ಕಾಣುತ್ತದೆ. ಎದುರಿನಿಂದ ಫ್ಲಾಶ್ ಹೊಡೆದರೆ ಅದೇ ವಿನ್ಯಾಸ ಚಪ್ಪಟೆಯಾಗುತ್ತದೆ. ಎದುರು ಪಕ್ಕದ ನೆರಳು ತೀರ ಕಪ್ಪಾದರೆ ಹಲಗೆಯಿಂದ ಬೆಳಕನ್ನು ಮರಳಿಸಬಹುದು.

ಕಿಟಕಿಯ ಬೆಳಕಿನಲ್ಲಿ ಚಿತ್ರ ತೆಗೆಯುವಾಗ ಕೋಣೆಯ ಬಲ್ಬನ್ನು ಆರಿಸುವುದು ಕಡ್ಡಾಯ. ಹಗಲಿನ ನೀಲಿ ಛಾಯೆ, ಬಲ್ಬಿನ ಹಳದಿ ಛಾಯೆ ಎರಡೂ ಬೆರೆತರೆ ನಂತರ ಯಾವ ತಂತ್ರಾಂಶದಿಂದಲೂ ಬಣ್ಣವನ್ನು ಪೂರ್ತಿ ಸರಿಪಡಿಸಲಾಗದು. ಕ್ಯಾಮೆರಾ ಎಲ್ಲವನ್ನೂ ನಡುಬೂದು ಎಂದು ಎಣಿಸುವುದರಿಂದ ಕಪ್ಪು ಸ್ವೆಟರು ಬೂದಾಗಿಯೂ ಬಿಳಿ ಸ್ವೆಟರು ಮಾಸಲಾಗಿಯೂ ಬರುತ್ತದೆ. ಕಪ್ಪಿಗೆ ಬೆಳಕನ್ನು ಒಂದಿಷ್ಟು ತಗ್ಗಿಸಿ, ಬಿಳಿಗೆ ಏರಿಸಿ ತೆಗೆಯಬೇಕು. ಕಡುಗೆಂಪು ಇನ್ನೂ ಹಟಮಾರಿ: ಕುಣಿಕೆಗಳ ವಿವರವೆಲ್ಲ ಮಾಸಿ ಒಂದೇ ಕೆಂಪು ಮುದ್ದೆಯಂತೆ ಕಾಣುವುದುಂಟು. ಮೊದಲ ಚಿತ್ರದಲ್ಲಿ ಉಡುಪಿನ ಪಕ್ಕ ಬೂದು ಕಾರ್ಡನ್ನಿರಿಸಿದರೆ ಅದರ ಆಧಾರದ ಮೇಲೆ ಉಳಿದವುಗಳ ಬಣ್ಣವನ್ನು ತಿದ್ದಬಹುದು. ತಿದ್ದಲು ಗಿಂಪ್ ಎಂಬ ಉಚಿತ ತಂತ್ರಾಂಶವೂ, ಬ್ರೌಸರಿನಲ್ಲಿಯೇ ನಡೆಯುವ ಫೋಟೋಪೀ ತಾಣವೂ ಇವೆ.

ಮಾರಾಟ ತಾಣಗಳಿಗೆ ತಮ್ಮದೇ ನಿಯಮಗಳಿವೆ. ಅಮೆಜಾನ್ ತಾಣವು ಮುಖ್ಯ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆಯನ್ನು ಕೇಳುತ್ತದೆ, ಚಿತ್ರದ ಶೇ. 85ರಷ್ಟನ್ನು ಸರಕೇ ತುಂಬಿರಬೇಕು. ಮುಖ್ಯ ಚಿತ್ರದೊಂದಿಗೆ ಹೆಣಿಗೆಯ ಸಮೀಪದ ನೋಟ, ಒಳಮೈ, ಅಂಚು ಮತ್ತು ಧರಿಸಿದ ನೋಟ ಇವುಗಳನ್ನೂ ಕೊಡುವುದು ಯುಕ್ತ.

ಅಪ್‌ಲೋಡ್ ಮಾಡುವ ಮುನ್ನ

ಹೊಸ ವಿನ್ಯಾಸ ಸಿದ್ಧವಾದ ಸಂಭ್ರಮದಲ್ಲಿ ಅದರ ಚಿತ್ರವನ್ನು ಅಂತರಜಾಲಕ್ಕೆ ಏರಿಸುವ ತಯಾರಕರು ಕಾನೂನಿನ ಒಂದು ಅಂಶವನ್ನು ಮರೆಯುತ್ತಾರೆ. ವಿನ್ಯಾಸಗಳ ಕಾಯ್ದೆ, 2000ರ ಪ್ರಕಾರ ಅರ್ಜಿ ಸಲ್ಲಿಸುವ ಮುನ್ನ ಭಾರತದಲ್ಲಾಗಲಿ ವಿದೇಶದಲ್ಲಾಗಲಿ ಬಹಿರಂಗಗೊಂಡ ವಿನ್ಯಾಸಕ್ಕೆ ನೋಂದಣಿ ದೊರೆಯುವುದಿಲ್ಲ. ತಯಾರಕನು ತಾನೇ ಪ್ರಕಟಿಸಿದ ಚಿತ್ರವೂ ಈ ಮಾತಿಗೆ ಒಳಪಡುತ್ತದೆ. ನೋಂದಣಿಯಾದ ವಿನ್ಯಾಸಕ್ಕೆ ಹತ್ತು ವರ್ಷಗಳ ರಕ್ಷಣೆಯಿದ್ದು, ಇನ್ನೈದು ವರ್ಷ ವಿಸ್ತರಿಸಲು ಅವಕಾಶವಿದೆ.

ಕೃತಿಸ್ವಾಮ್ಯ ತಾನಾಗಿಯೇ ಇರುತ್ತದಲ್ಲ ಎಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ನೋಂದಣಿಗೆ ಅರ್ಹವಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ಅದರ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುವುದೆಂದು ಕೃತಿಸ್ವಾಮ್ಯ ಕಾಯ್ದೆ, 1957ರ 15ನೇ ಕಲಮು ಹೇಳುತ್ತದೆ. ಹೆಣಿಗೆ ಯಂತ್ರಗಳನ್ನು ಬಳಸುವ ಘಟಕಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಅರ್ಜಿಗಳನ್ನು ಕೋಲ್ಕತ್ತದ ಪೇಟೆಂಟ್ ಕಚೇರಿಯ ವಿನ್ಯಾಸ ವಿಭಾಗವು ಪರಿಶೀಲಿಸುತ್ತಿದ್ದು, ಅಂತರಜಾಲದ ಮೂಲಕವೂ ಸಲ್ಲಿಸಬಹುದಾಗಿದೆ.

ಛಾಯಾಚಿತ್ರಗಳ ವಿಷಯದಲ್ಲಿ ಕಾನೂನು ವರ್ತಕನ ಪರವಾಗಿದೆ: ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವನೇ ಮೊದಲ ಹಕ್ಕುದಾರ. ಆದರೂ ಛಾಯಾಗ್ರಾಹಕನೊಡನೆ ನಾಲ್ಕು ಸಾಲಿನ ಲಿಖಿತ ಒಪ್ಪಂದ ಮಾಡಿಕೊಂಡು, ಮೂಲ ಕಡತಗಳನ್ನು ದಿನಾಂಕಸಹಿತ ತೆಗೆದಿರಿಸುವುದು ಉಚಿತ. ಬೇರೊಬ್ಬ ಮಾರಾಟಗಾರ ಅದೇ ಚಿತ್ರವನ್ನು ಬಳಸಿದಾಗ ತಾಣಕ್ಕೆ ದೂರು ನೀಡಲು ಪುರಾವೆಯಾಗುವುದು ಅವೇ.