ಪೆನ್ಶನ್ ಬರುವ ಮನೆಯವರು ತಿಳಿದಿರಬೇಕಾದ ಸಂಗತಿಗಳು



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಬೀಜ-ಗೊಬ್ಬರದ ಮಾತಿಗೆಂದು ಕಟ್ಟೆಯ ಮೇಲೆ ಕುಳಿತರೆ ಮಾತು ಪೆನ್ಶನ್ನಿಗೆ ತಿರುಗುವದುಂಟು. ಎಷ್ಟೋ ಒಕ್ಕಲು ಮನೆಗಳಲ್ಲಿ ಒಬ್ಬ ಮಾಸ್ತರರೋ, ಒಬ್ಬ ಸಿಪಾಯಿಯೋ ಇರುತ್ತಾರೆ. ಕಬ್ಬಿನ ಬಿಲ್ಲು ತಡವಾದಾಗ ಸಂಸಾರದ ಗಾಡಿ ಎಳೆಯುವದು ಆ ಹಣವೇ. ಆದರೆ ಅದರ ನಿಯಮಗಳನ್ನು ಮನೆಯ ಹೆಣ್ಣುಮಕ್ಕಳಿಗೆ ಹೇಳಿಟ್ಟವರು ಕಡಿಮೆ.

ಮೊದಲು ನೋಡಬೇಕಾದದ್ದು ನೌಕರಿಗೆ ಸೇರಿದ ತಾರೀಖು. ನಮ್ಮ ರಾಜ್ಯ ಸರಕಾರದ ನೌಕರಿಗೆ ೨೦೦೬ರ ಏಪ್ರಿಲ್ ೧ಕ್ಕಿಂತ ಮೊದಲು ಸೇರಿದವರಿಗೆ ಹಳೆಯ ಪೆನ್ಶನ್. ಅಂದಿನಿಂದ ಈಚೆಗೆ ಸೇರಿದವರಿಗೆ ಸಾಮಾನ್ಯವಾಗಿ ಹೊಸ ಯೋಜನೆ, ಅಂದರೆ ಎನ್.ಪಿ.ಎಸ್. ಕೇಂದ್ರ ಸರಕಾರದ ನೌಕರರಿಗೆ ಈ ಗಡಿ ೨೦೦೪ರ ಜನವರಿ ೧. ಹೊಸ ಯೋಜನೆಯಲ್ಲಿ ನೌಕರನ ಸಂಬಳದಿಂದ ಪ್ರತಿ ತಿಂಗಳು ಶೇಕಡಾ ೧೦ ಮುರಿದು, ಸರಕಾರವೂ ತನ್ನ ಪಾಲು ಹಾಕಿ ಬೆಳೆಸುತ್ತದೆ. ನಿವೃತ್ತಿಯಾದಾಗ ನೂರರಲ್ಲಿ ೬೦ರವರೆಗೆ ಒಮ್ಮೆಲೇ ಪಡೆಯಬಹುದು, ಉಳಿದ ೪೦ರಿಂದ ತಿಂಗಳ ಪೆನ್ಶನ್ ಕೊಳ್ಳಬೇಕು. ಎಷ್ಟು ಬಂದೀತೆಂದು ಮೊದಲೇ ಹೇಳಲಾಗದು. ಪೇಟೆಯ ಧಾರಣೆ ನೋಡಿ ಬೆಲ್ಲ ಮಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇಂದ್ರದ ನೌಕರರಿಗೆ ೨೦೨೫ರ ಏಪ್ರಿಲ್ ೧ರಿಂದ ಯು.ಪಿ.ಎಸ್. ಎಂಬ ಇನ್ನೊಂದು ದಾರಿ ತೆರೆದಿದೆ. ೨೫ ವರ್ಷ ಸೇವೆ ಮಾಡಿದವರಿಗೆ ಕೊನೆಯ ೧೨ ತಿಂಗಳ ಮೂಲ ವೇತನದ ಸರಾಸರಿಯ ಅರ್ಧ ಖಾತ್ರಿ. ಹೊಸದಾಗಿ ಸೇರಿದವರು ೩೦ ದಿನದೊಳಗೆ ಆಯ್ಕೆ ತಿಳಿಸಬೇಕು. ನಿಮ್ಮ ಮಗ ರೈಲ್ವೆಗೋ ಅಂಚೆ ಇಲಾಖೆಗೋ ಸೇರಿದ್ದರೆ ಇದನ್ನು ಕೂಡಲೇ ಕೇಳಿರಿ.

ಸೈನ್ಯದ ಲೆಕ್ಕವೇ ಬೇರೆ. ಎನ್.ಪಿ.ಎಸ್. ಭೂಸೇನೆ, ನೌಕಾಪಡೆ, ವಾಯುಪಡೆಗೆ ತಾಗುವದಿಲ್ಲ. ಸಿಪಾಯಿ ೧೫ ವರ್ಷ ಮುಗಿಸಿದರೆ ಕೊನೆಯ ವೇತನದ ಅರ್ಧ ಪೆನ್ಶನ್. ಆದರೆ ೨೦೨೨ರಿಂದ ಬಂದ ಅಗ್ನಿವೀರರಿಗೆ ನಾಲ್ಕು ವರ್ಷದ ಸೇವೆ, ಪೆನ್ಶನ್ ಇಲ್ಲ. ಕೊನೆಗೆ ಬಡ್ಡಿ ಸಹಿತ ಸುಮಾರು ೧೧.೭೧ ಲಕ್ಷ ರೂಪಾಯಿಯ ಸೇವಾ ನಿಧಿ ಸಿಗುತ್ತದೆ. ಅದರಲ್ಲಿ ಅರ್ಧ ಹುಡುಗನ ಸಂಬಳದಿಂದಲೇ ಮುರಿದದ್ದು. ನಾಲ್ವರಲ್ಲಿ ಒಬ್ಬನವರೆಗೆ ಕಾಯಂ ಆಗಬಹುದು. ಬೆಳಗಾವಿಯ ಮರಾಠಾ ಲಘು ಪದಾತಿ ಕೇಂದ್ರದಲ್ಲಿ ತರಬೇತಿಗಿರುವ ಮಗನನ್ನು ನಂಬಿ ಟ್ರ್ಯಾಕ್ಟರ್ ಸಾಲ ಎತ್ತುವ ತಂದೆ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಇನ್ನು ಪೆನ್ಶನ್ ಮಾರುವದು, ಅಂದರೆ ಕಮ್ಯುಟೇಶನ್. ಸಿಪಾಯಿ ತನ್ನ ಪೆನ್ಶನ್ನಿನ ಅರ್ಧದವರೆಗೆ ಮಾರಿ ಒಟ್ಟು ಹಣ ಪಡೆಯಬಹುದು. ೨೦,೦೦೦ ಪೆನ್ಶನ್ನಿನಲ್ಲಿ ೧೦,೦೦೦ ಮಾರಿದನೆನ್ನಿ. ನಲವತ್ತರ ಆಸುಪಾಸಿನವನಿಗೆ ಸುಮಾರು ಒಂಬತ್ತು ವರ್ಷದ ಮೊತ್ತ, ೧೦ ಲಕ್ಷ ೮೦ ಸಾವಿರದಷ್ಟು, ಕೈಗೆ ಬರುತ್ತದೆ. ಕಡಿತ ಮಾತ್ರ ೧೫ ವರ್ಷ, ಒಟ್ಟು ೧೮ ಲಕ್ಷ. ಆಮೇಲೆ ಪೂರ್ಣ ಪೆನ್ಶನ್ ಮರಳುವದು. ನಡುವೆ ಆತ ತೀರಿಕೊಂಡರೆ ಉಳಿದ ಕಂತನ್ನು ಮನೆಯವರಿಂದ ಕೇಳುವದಿಲ್ಲ. ತುಟ್ಟಿಭತ್ಯೆಯನ್ನೂ ಪೂರ್ಣ ಪೆನ್ಶನ್ನಿನ ಮೇಲೆಯೇ ಕೊಡುತ್ತಾರೆ. ಆದ್ದರಿಂದ ಇದು ಕೆಟ್ಟ ವ್ಯವಹಾರವೆಂದು ನಾನು ಹೇಳಲಾರೆ. ಆದರೆ ಆ ಹಣದಿಂದ ಕೊಳವೆಬಾವಿ ಹೊಡೆಸಿ ನೀರು ಬೀಳದವರನ್ನು ಕಂಡಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವದು ಹೆಸರು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ. ತವರಿನ ಕಸ್ತೂರಿ ಗಂಡನ ಮನೆಯಲ್ಲಿ ಭಾರತಿಯಾಗುತ್ತಾಳೆ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಗಂಡನ ಸೈನ್ಯದ ದಾಖಲೆಯಲ್ಲಿ ಮತ್ತೊಂದು. ಗಂಡ ಇರುವವರೆಗೆ ಯಾರೂ ಕೇಳುವದಿಲ್ಲ. ಆತ ತೀರಿದ ಮೇಲೆ ಕುಟುಂಬ ಪೆನ್ಶನ್ನಿಗೆ ಅರ್ಜಿ ಹಾಕಿದರೆ, ನೀನೇ ಆಕೆ ಎಂಬುದಕ್ಕೆ ಪುರಾವೆ ತಾ ಎನ್ನುತ್ತಾರೆ. ಘಟಪ್ರಭೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ತಾಯಿ ಈ ಒಂದು ಕಾರಣಕ್ಕೆ ಹನ್ನೊಂದು ತಿಂಗಳು ಅಲೆದರು. ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿದರು. ಗಂಡನಿದ್ದಾಗ ಒಂದು ಅರ್ಜಿ ಕೊಟ್ಟಿದ್ದರೆ ಸಾಕಿತ್ತು. ಮೂಡಲಗಿ ಭಾಗದವರ ಹಳೆಯ ಕಾಗದಗಳಲ್ಲಿ ತಾಲೂಕು ಗೋಕಾಕ ಎಂದೇ ಇರುತ್ತದೆ, ಅದನ್ನೂ ನೋಡಿಕೊಳ್ಳಿರಿ.

ಮಾಜಿ ಸೈನಿಕರು ಪಿ.ಪಿ.ಓ. ಕಾಗದವನ್ನು ಟ್ರಂಕಿನಿಂದ ತೆಗೆದು, ಹೆಂಡತಿಯ ಹೆಸರು, ಜನ್ಮ ತಾರೀಖು ಆಧಾರಿನೊಡನೆ ತಾಳೆ ನೋಡಬೇಕು. ‘ಸ್ಪರ್ಶ್’ ಖಾತೆಯಲ್ಲಿಯೂ ಇದನ್ನು ನೋಡಬಹುದು. ವ್ಯತ್ಯಾಸವಿದ್ದರೆ ಲಗ್ನದ ದಾಖಲೆ ಮತ್ತು ಪ್ರಮಾಣಪತ್ರದೊಡನೆ ಬೆಳಗಾವಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿರಿ. ತಮ್ಮ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯುವ ಕ್ರಮವನ್ನು ಅಲ್ಲಿ ತಿಳಿಸುತ್ತಾರೆ.

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ಜೀವಂತವಿರುವ ಪ್ರಮಾಣಪತ್ರ ಕೊಡಬೇಕು. ಕಬ್ಬು ಕಡಿದು ಸವೆದ ಬೆರಳನ್ನು ಯಂತ್ರ ಗುರುತಿಸದಿದ್ದರೆ ಗಾಬರಿಯಾಗಬೇಡಿರಿ. ಮೊಬೈಲಿನಲ್ಲಿ ಮುಖ ತೋರಿಸಿಯೂ ಈಗ ಅದನ್ನು ಕೊಡಬಹುದು. ಹಾಸಿಗೆ ಹಿಡಿದವರಿದ್ದರೆ ಅಂಚೆಯವರಿಗೆ ಹೇಳಿರಿ, ಸ್ವಲ್ಪ ಶುಲ್ಕ ಪಡೆದು ಮನೆಗೇ ಬಂದು ಮಾಡಿಕೊಡುತ್ತಾರೆ.